ಮೇಲ್‌ಟು ಲಿಂಕ್ ಕಟ್ಟೋದು, ಬಿಚ್ಚೋದು: ಪೈಥಾನ್‌ನಲ್ಲಿ ಸರಿಯಾಗಿ ಮಾಡುವ ಬಗೆ

ನಮ್ಮೂರಿನ ಒಂದು ಚಿಕ್ಕ ಗ್ರಂಥಾಲಯಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅದರಲ್ಲಿ 'ಸದಸ್ಯತ್ವ ನವೀಕರಿಸಿ' ಅಂತ ಒಂದು ಮೇಲ್‌ಟು ಲಿಂಕ್. ಒತ್ತಿದರೆ ಮೇಲ್ ಆ್ಯಪ್ ತೆರೆದುಕೊಳ್ಳಬೇಕು, ವಿಷಯದ ಜಾಗದಲ್ಲಿ 'ನವೀಕರಣ & ರಸೀದಿ #118' ಅಂತ ತಾನಾಗಿಯೇ ತುಂಬಿರಬೇಕು. ಆದರೆ ಬಂದ ಪ್ರತಿ ಮೇಲ್‌ನಲ್ಲೂ ಬರೀ 'ನವೀಕರಣ' ಅಂತಷ್ಟೇ ಇತ್ತು. ರಸೀದಿ ನಂಬರೇ ಇಲ್ಲ. ಅಲ್ಲಿನ ಮೇಡಂ ಹದಿನೈದು ದಿನ ಒಬ್ಬೊಬ್ಬರಿಗೂ ತಿರುಗಿ ಮೇಲ್ ಬರೆದು 'ನಿಮ್ಮ ರಸೀದಿ ನಂಬರ್ ಕಳಿಸಿ' ಅಂತ ಕೇಳಬೇಕಾಯಿತು. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಲಿಂಕನ್ನು ನಾನು ಸುಮ್ನೆ ಸ್ಟ್ರಿಂಗ್ ಜೋಡಿಸಿದ ಹಾಗೆ ಜೋಡಿಸಿಬಿಟ್ಟಿದ್ದೆ. ಆ & ಚಿಹ್ನೆಯನ್ನು ಕಂಡ ತಕ್ಷಣ ಮೇಲ್ ಆ್ಯಪ್, ವಿಷಯ ಇಲ್ಲಿಗೆ ಮುಗಿಯಿತು, ಇನ್ನೊಂದು ಫೀಲ್ಡ್ ಶುರುವಾಯಿತು ಅಂದುಕೊಂಡಿತು. #118 ಅನ್ನೋದಂತೂ ವಿಷಯದ ಭಾಗವೇ ಅಲ್ಲ, ಲಿಂಕ್‌ನ ಬಾಲ ಅಂತ ಪಕ್ಕಕ್ಕೆ ಹೋಯಿತು.

ಅವತ್ತಿನಿಂದ ಈ ಲಿಂಕ್‌ಗಳನ್ನು ಕಟ್ಟುವ ಕೋಡನ್ನೂ ಬಿಚ್ಚುವ ಕೋಡನ್ನೂ ಒಟ್ಟಿಗೇ ಬರೆಯುತ್ತೇನೆ. ಎರಡೂ ಸೇರಿ ಮೂವತ್ತು ನಲವತ್ತು ಸಾಲು ಆಗಬಹುದು, ಅಷ್ಟೇ. ನಾನು ಪೈಥಾನ್‌ನಲ್ಲಿ ಹೇಳುತ್ತೇನೆ. ಫಂಕ್ಷನ್ ಹೆಸರುಗಳನ್ನೂ ಲಿಂಕ್‌ನೊಳಗಿನ ಇಂಗ್ಲಿಷ್ ಪದ, ಅಕ್ಷರಗಳನ್ನೂ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ವೇರಿಯಬಲ್ ಹೆಸರುಗಳನ್ನು ಮಾತ್ರ ಹೀಗೇ ಕನ್ನಡದಲ್ಲಿ ಇಟ್ಟರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ.

ಮೊದಲು ಲಿಂಕ್‌ನ ರೂಪ ನೋಡೋಣ.

ಮೇಲ್‌ಟು:ಓದುಗ@ಎಕ್ಸಾಂಪಲ್.ಕಾಮ್?ಸಬ್ಜೆಕ್ಟ್=ನವೀಕರಣ&ಬಾಡಿ=ನಮಸ್ಕಾರ

ವೆಬ್ ವಿಳಾಸದಲ್ಲಿ ಇರುವ ಎರಡು ಓರೆಗೆರೆ ಇಲ್ಲಿ ಇಲ್ಲ. ಕೋಲನ್ ಆದ ಮೇಲೆ ನೇರ ವಿಳಾಸ. ಒಂದಕ್ಕಿಂತ ಜಾಸ್ತಿ ವಿಳಾಸ ಇದ್ದರೆ ನಡುವೆ ಕಾಮಾ. ಆಮೇಲೆ ಪ್ರಶ್ನೆ ಚಿಹ್ನೆ. ಅದರ ನಂತರ 'ಹೆಸರು=ಬೆಲೆ' (ಬೆಲೆ ಅಂದರೆ ಇಲ್ಲಿ ವ್ಯಾಲ್ಯೂ) ಜೋಡಿಗಳು, ಜೋಡಿ ಜೋಡಿಗಳ ನಡುವೆ &. ಸಬ್ಜೆಕ್ಟ್, ಸಿಸಿ, ಬಿಸಿಸಿ, ಟು ಇವೆಲ್ಲ ನಿಜವಾದ ಮೇಲ್ ಹೆಡರ್‌ಗಳು, ಅಂದರೆ ಪತ್ರದ ತಲೆಭಾಗದ ಸಾಲುಗಳು. ಬಾಡಿ ಅನ್ನೋದು ಹೆಡರ್ ಅಲ್ಲ, ಪತ್ರದ ಒಡಲನ್ನು ತುಂಬಲಿಕ್ಕೆ ಅಂತಲೇ ಮಾಡಿಕೊಂಡ ಹೆಸರು. 1994ರಲ್ಲಿ ವೆಬ್ ವಿಳಾಸಗಳ ಮೊದಲ ನಿಯಮ ಬಂದಾಗಲೇ ಮೇಲ್‌ಟು ಅದರೊಳಗೆ ಇತ್ತು. 1998ರಲ್ಲಿ ಅದಕ್ಕೇ ಬೇರೆ ನಿಯಮಪತ್ರ ಆಯಿತು, ಆರ್‌ಎಫ್‌ಸಿ 2368. ಈಗ ನಾವು ನೋಡಬೇಕಾದದ್ದು 2010ರ ಆರ್‌ಎಫ್‌ಸಿ 6068. ಚಿಕ್ಕದಾಗಿದೆ, ಒಂದು ಸಂಜೆ ಕೂತು ಪೂರ್ತಿ ಓದಬಹುದು, ಓದಿ.

ಇನ್ನು ಮುಖ್ಯ ವಿಷಯ. ಹೂ ಮಾರುವವರು ಕಟ್ಟಿಕೊಡೋದನ್ನು ನೋಡಿರುತ್ತೀರಿ ಅಲ್ವಾ? ಮೊದಲು ಹೂವನ್ನು ಎಲೆಯಲ್ಲಿ ಸುತ್ತುತ್ತಾರೆ, ಅದರ ಮೇಲೆ ನಾರು ಬಿಗಿಯುತ್ತಾರೆ, ಆಮೇಲೆ ಬುಟ್ಟಿಗೋ ಚೀಲಕ್ಕೋ ಹಾಕುತ್ತಾರೆ. ಮನೆಗೆ ಬಂದು ಬಿಚ್ಚುವಾಗ ಮೊದಲು ಚೀಲ, ಆಮೇಲೆ ನಾರು, ಕೊನೆಗೆ ಎಲೆ. ಮೇಲ್‌ಟು ಲಿಂಕ್ ಹೀಗೇ. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ, ಒಂದೇ ಒಂದು ಸಲ ಎನ್‌ಕೋಡ್ ಮಾಡಿ (ಅಂದರೆ ಲಿಂಕ್‌ನಲ್ಲಿ ಹಾಗೇ ಇರಬಾರದ ಅಕ್ಷರಗಳನ್ನು % ಸಂಕೇತಗಳಾಗಿ ಬರೆದು), ಆಮೇಲೆ ಜೋಡಿಸಬೇಕು. ಬಿಚ್ಚುವಾಗ ಮೊದಲು ತುಂಡು ಮಾಡಿ, ಆಮೇಲೆ ಡೀಕೋಡ್ ಮಾಡಬೇಕು, ಅಂದರೆ ಆ ಸಂಕೇತಗಳನ್ನು ಮತ್ತೆ ಅಕ್ಷರಗಳಾಗಿಸಬೇಕು. ನಾನು ಕಂಡ ಬಗ್‌ಗಳಲ್ಲಿ ಹೆಚ್ಚಿನವು ಈ ಕ್ರಮ ತಪ್ಪಿದ್ದರಿಂದಲೇ ಆದವು.

ಕಟ್ಟೋದರಿಂದ ಶುರು ಮಾಡೋಣ. ಪೈಥಾನ್‌ನ ಯುಆರ್‌ಎಲ್‌ಲಿಬ್.ಪಾರ್ಸ್ ಒಳಗೆ 'ಕೋಟ್' ಅನ್ನೋ ಫಂಕ್ಷನ್ ಇದೆ. ಕೊಟ್ಟ ಸ್ಟ್ರಿಂಗನ್ನು ಯುಟಿಎಫ್-8 (ಎಲ್ಲ ಲಿಪಿಯ ಅಕ್ಷರಗಳನ್ನೂ ಬೈಟ್‌ಗಳಲ್ಲಿ ಬರೆಯುವ ಪದ್ಧತಿ) ಬೈಟ್‌ಗಳಾಗಿ ಮಾಡಿ, ಲಿಂಕ್‌ನಲ್ಲಿ ಹಾಗೇ ಇರಬಾರದ ಪ್ರತಿ ಬೈಟನ್ನೂ % ಮತ್ತು ಎರಡು ಹೆಕ್ಸ್ ಅಂಕಿಯಾಗಿ ಬರೆಯುತ್ತದೆ. ಖಾಲಿ ಜಾಗ %20 ಆಗುತ್ತದೆ, & ಹೋಗಿ %26, # ಹೋಗಿ %23. ಒಂದು ಎಚ್ಚರ: 'ಕೋಟ್' ಓರೆಗೆರೆಯನ್ನು ತಾನಾಗಿ ಮುಟ್ಟೋದಿಲ್ಲ. ಅದನ್ನೂ ಸೇರಿಸಿ ಎಲ್ಲ ಎನ್‌ಕೋಡ್ ಆಗಲಿ ಅಂದರೆ 'ಸೇಫ್' ಜಾಗಕ್ಕೆ ಖಾಲಿ ಸ್ಟ್ರಿಂಗ್ ಕೊಡಿ.

ವಿಳಾಸಕ್ಕೆ ಹೀಗೆ:

ಹೆಸರು, ಗುರುತು, ಡೊಮೈನ್ = ವಿಳಾಸ.ಆರ್‌ಪಾರ್ಟಿಷನ್('@')
ತುಂಡು = ಕೋಟ್(ಹೆಸರು, ಸೇಫ್='') + '@' + ಕೋಟ್(ಡೊಮೈನ್, ಸೇಫ್='')

ಪಾರ್ಟಿಷನ್ ಬದಲು ಆರ್‌ಪಾರ್ಟಿಷನ್ ಯಾಕೆ ಅಂದರೆ, ಮೇಲ್ ವಿಳಾಸದ ಎಡಭಾಗವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದರಲ್ಲಿ @ ಕೂಡ ಬರಬಹುದು. ಅಪರೂಪ, ಆದರೂ ನಿಯಮದಲ್ಲಿ ಇದೆ. ಡೊಮೈನ್‌ನಲ್ಲಿ @ ಬರೋದಿಲ್ಲ, ಹಾಗಾಗಿ ಬಲಗಡೆಯಿಂದ ಮೊದಲು ಸಿಗುವ @ ನಿಜವಾದ ಗಡಿ. ಗಡಿಯ @ ಹಾಗೇ ಇರಲಿ, ಒಳಗಿನ @ ಮಾತ್ರ %40 ಆಗಲಿ. ಬರೆಯೋದು ಎರಡೇ ಸಾಲು, ಆದರೆ ವಿಳಾಸದಲ್ಲಿ ಪ್ರಶ್ನೆ ಚಿಹ್ನೆ, ಶೇಕಡಾ ಚಿಹ್ನೆ, & ಏನೇ ಬಂದರೂ ತಡೆದುಕೊಳ್ಳುತ್ತದೆ. ವಿಳಾಸದ ಜೊತೆ ವ್ಯಕ್ತಿಯ ಹೆಸರು ಸೇರಿಸಿ ಕೋನಾಕಾರದ ಬ್ರಾಕೆಟ್‌ನಲ್ಲಿ ವಿಳಾಸ ಇಡುವ ರೂಪ ಇದೆಯಲ್ಲ, ಅದು ಮೇಲ್‌ಟು ಲಿಂಕ್‌ಗೆ ಬೇಡ. 2010ರ ನಿಯಮ ಬರೀ ವಿಳಾಸವನ್ನಷ್ಟೇ ಒಪ್ಪುತ್ತದೆ.

ತುಂಬ ವಿಳಾಸ ಇದ್ದರೆ ಒಂದೊಂದನ್ನೂ ಹೀಗೆ ಎನ್‌ಕೋಡ್ ಮಾಡಿ ಕಾಮಾ ಹಾಕಿ ಜೋಡಿಸಿ. ಸೆಮಿಕೋಲನ್ ಹಾಕಬೇಡಿ. ಔಟ್‌ಲುಕ್‌ನಲ್ಲಿ ಸೆಮಿಕೋಲನ್ ನೋಡಿ ಅಭ್ಯಾಸ ಆದವರು ಇಲ್ಲೂ ಅದನ್ನೇ ಹಾಕುತ್ತಾರೆ, ಆದರೆ ನಿಯಮದಲ್ಲಿ ಇರೋದು ಕಾಮಾ. ಇನ್ನೊಂದು, ಪ್ರಶ್ನೆ ಚಿಹ್ನೆಯ ಮೊದಲು ಒಂದು ವಿಳಾಸ, ಆಮೇಲೆ 'ಟು=' ಅಂತ ಇನ್ನೊಂದು ವಿಳಾಸ ಕೊಡೋದು ಬೇಡ. ಒಂದೊಂದು ಆ್ಯಪ್ ಅದನ್ನು ಒಂದೊಂದು ಥರ ಓದುತ್ತದೆ, ನಿಯಮಪತ್ರವೂ ಬೇಡ ಅಂತಲೇ ಹೇಳುತ್ತದೆ. ಎಲ್ಲ ವಿಳಾಸವೂ ಮುಂದೆಯೇ ಇರಲಿ.

ವಿಷಯಕ್ಕೆ ಮತ್ತು ಒಡಲಿಗೆ ನೇರವಾಗಿ ಕೋಟ್(ಬೆಲೆ, ಸೇಫ್=''). ಒಡಲಿನಲ್ಲಿ ಸಾಲು ಮುರಿಯುವ ಜಾಗ ಇದ್ದರೆ ಅದು ಕ್ಯಾರಿಯೇಜ್ ರಿಟರ್ನ್ ಮತ್ತು ಲೈನ್ ಫೀಡ್ ಎರಡೂ ಸೇರಿದ ಜೋಡಿಯಾಗಿರಬೇಕು, ಅಂದರೆ ಲಿಂಕ್‌ನಲ್ಲಿ %0ಡಿ%0ಎ. ಪೈಥಾನ್‌ನಲ್ಲಿ ನಾವು ಬರೆಯೋದು ಬರೀ ಲೈನ್ ಫೀಡ್. ಅದಕ್ಕೇ ಒಡಲನ್ನು ಮೊದಲು 'ಸ್ಪ್ಲಿಟ್‌ಲೈನ್ಸ್' ಮಾಡಿ, ಆ ಜೋಡಿಯಿಂದ 'ಜಾಯಿನ್' ಮಾಡಿ, ಆಮೇಲೆ 'ಕೋಟ್'ಗೆ ಕೊಡಿ. ಸಿಸಿ ಬೇಕಿದ್ದರೆ ವಿಳಾಸಕ್ಕೆ ಬರೆದ ಫಂಕ್ಷನ್ನನ್ನೇ ಬಳಸಿ ಕಾಮಾದಿಂದ ಜೋಡಿಸಿ. ಅದನ್ನು ಮತ್ತೆ 'ಕೋಟ್' ಒಳಗೆ ಹಾಕಬೇಡಿ. ಹಾಕಿದರೆ %40 ಇದ್ದದ್ದು %2540 ಆಗುತ್ತದೆ, ಯಾಕಂದರೆ % ಚಿಹ್ನೆ ತಾನೇ %25 ಆಗುತ್ತದೆ. ನಿಮಗೆ ಬಂದ ಯಾವುದಾದರೂ ಮೇಲ್‌ನ ವಿಷಯದಲ್ಲಿ ಪದ ಪದಗಳ ನಡುವೆ %20 ಕಂಡಿದ್ದರೆ, ಯಾರೋ ಎರಡು ಸಲ ಎನ್‌ಕೋಡ್ ಮಾಡಿದ್ದಾರೆ ಅಂತಲೇ ಅರ್ಥ.

ಕೊನೆಗೆ ಜೋಡಿಗಳನ್ನು & ಹಾಕಿ ಸೇರಿಸಿ, ಮುಂದೆ ಪ್ರಶ್ನೆ ಚಿಹ್ನೆ ಇಟ್ಟರೆ ಲಿಂಕ್ ಆಯಿತು. ಜೋಡಿಗಳೇ ಇಲ್ಲದಿದ್ದರೆ ಪ್ರಶ್ನೆ ಚಿಹ್ನೆ ಬೇಡ.

ಇಷ್ಟೆಲ್ಲ ಯಾಕೆ, 'ಯುಆರ್‌ಎಲ್‌ಎನ್‌ಕೋಡ್' ಅಂತ ಒಂದು ಸಿದ್ಧ ಫಂಕ್ಷನ್ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದನ್ನು ಮಾಡಿರೋದು ವೆಬ್ ಫಾರ್ಮ್‌ಗಳಿಗೆ. ಫಾರ್ಮ್‌ಗಳ ಲೋಕದಲ್ಲಿ ಖಾಲಿ ಜಾಗವನ್ನು + ಅಂತ ಬರೆಯುವ ರೂಢಿ. ಮೇಲ್‌ಟು ಲೋಕದಲ್ಲಿ + ಅಂದರೆ + ಅಷ್ಟೇ. ಹಾಗಾಗಿ ಓದುಗರ ಮೇಲ್ ಆ್ಯಪ್‌ನಲ್ಲಿ 'ನಮಸ್ಕಾರ+ಸರ್+ನನ್ನ+ಸದಸ್ಯತ್ವ' ಅಂತ ಪತ್ರ ತೆರೆದುಕೊಳ್ಳುತ್ತದೆ. ನಾನು ಇದನ್ನು ಸರ್ಕಾರಿ ಜಾಲತಾಣಗಳಿಂದ ಹಿಡಿದು ಮದುವೆ ಕರೆಯೋಲೆಯ ಪುಟಗಳವರೆಗೆ ನೋಡಿದ್ದೇನೆ, ನೋಡಿದಾಗೆಲ್ಲ ಬೇಸರ ಆಗುತ್ತದೆ, ಯಾಕಂದರೆ ಆ ಲಿಂಕ್ ಒತ್ತುವ ಹಿರಿಯರು ತಾವೇ ಏನೋ ತಪ್ಪು ಒತ್ತಿಬಿಟ್ಟೆವು ಅಂದುಕೊಂಡು ಮೇಲ್ ಕಳಿಸದೇ ಮುಚ್ಚಿಬಿಡುತ್ತಾರೆ. 'ಯುಆರ್‌ಎಲ್‌ಎನ್‌ಕೋಡ್' ಬಳಸಲೇಬೇಕು ಅಂದರೆ ಅದಕ್ಕೆ 'ಕೋಟ್_ವಯಾ=ಕೋಟ್' ಅಂತ ಹೇಳಿ. ಪೈಥಾನ್ 3.5ರಿಂದ ಈ ಸೌಲಭ್ಯ ಇದೆ.

ಬೇರೆ ಭಾಷೆಗಳಲ್ಲೂ ಇದೇ ಗುಂಡಿ ಇದೆ, ಹೆಸರು ಬೇರೆ ಅಷ್ಟೇ. ಜಾವಾದ ಯುಆರ್‌ಎಲ್‌ಎನ್‌ಕೋಡರ್ + ಹಾಕುತ್ತದೆ. ಪಿಎಚ್‌ಪಿಯಲ್ಲಿ 'ಯುಆರ್‌ಎಲ್‌ಎನ್‌ಕೋಡ್' + ಹಾಕುತ್ತದೆ, 'ರಾ-ಯುಆರ್‌ಎಲ್‌ಎನ್‌ಕೋಡ್' %20 ಹಾಕುತ್ತದೆ. ಗೋ ಭಾಷೆಯಲ್ಲಿ 'ಕ್ವೆರಿ ಎಸ್ಕೇಪ್' ಬಿಟ್ಟು 'ಪಾತ್ ಎಸ್ಕೇಪ್' ಹಿಡಿದರೆ ಖಾಲಿ ಜಾಗವೇನೋ %20 ಆಗುತ್ತದೆ, ಆದರೆ ಅದು & ಚಿಹ್ನೆಯನ್ನು ಹಾಗೇ ಬಿಡುತ್ತದೆ. ಅದಕ್ಕೆ ಅಲ್ಲಿ ಕ್ವೆರಿ ಎಸ್ಕೇಪ್ ಮಾಡಿ, ಆಮೇಲೆ + ಇರುವ ಕಡೆ %20 ಹಾಕೋದು ವಾಸಿ. ಮೂಲದಲ್ಲಿದ್ದ + ಆಗಲೇ %2ಬಿ ಆಗಿರುತ್ತದೆ, ಹಾಗಾಗಿ ಗೊಂದಲ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 'ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್' ಸರಿಯಾದದ್ದು, 'ಯುಆರ್‌ಎಲ್ ಸರ್ಚ್ ಪ್ಯಾರಮ್ಸ್' ಬೇಡ.

ಕನ್ನಡದಲ್ಲಿ ಒಡಲು ತುಂಬುವವರು ಉದ್ದದ ಲೆಕ್ಕ ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕು. 'ಕ' ಅನ್ನೋ ಒಂದು ಅಕ್ಷರ ಯುಟಿಎಫ್-8ನಲ್ಲಿ ಮೂರು ಬೈಟ್. ಲಿಂಕ್‌ನಲ್ಲಿ ಅದು %ಇ0%ಬಿ2%95, ಅಂದರೆ ಒಂಬತ್ತು ಅಕ್ಷರ. 'ನಮಸ್ಕಾರ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್‌ಗೆ ನ, ಮ, ಸ, ಹಲಂತದ ಚಿಹ್ನೆ, ಕ, ದೀರ್ಘ, ರ, ಒಟ್ಟು ಏಳು. ಏಳು ಮೂರಲಿ 21 ಬೈಟ್, ಲಿಂಕ್‌ನಲ್ಲಿ 63 ಅಕ್ಷರ. ಒಂದು ನಮಸ್ಕಾರಕ್ಕೇ 63! ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಲಿಂಕ್‌ನ ಮಿತಿ 2083 ಅಕ್ಷರ ಇತ್ತು. ಆ ಲೆಕ್ಕದಲ್ಲಿ ಕನ್ನಡದ ಒಡಲಿಗೆ ಸಿಗೋದು ಇಂಥ 230 ಚಿಹ್ನೆ, ಅಂದರೆ ನಾಲ್ಕೈದು ಸಾಲು. ಈಗಿನ ಬ್ರೌಸರ್‌ಗಳು ಇದಕ್ಕಿಂತ ಉದ್ದವನ್ನು ತಡೆದುಕೊಳ್ಳುತ್ತವೆ, ಆದರೆ ನಡುವೆ ಆಪರೇಟಿಂಗ್ ಸಿಸ್ಟಮ್ ಇದೆ, ಆ ಕಡೆ ಮೇಲ್ ಆ್ಯಪ್ ಇದೆ, ಯಾವುದು ಎಲ್ಲಿ ಕತ್ತರಿಸುತ್ತದೆ ಅಂತ ನಂಬಿ ಕೂರೋಕೆ ಆಗಲ್ಲ. ನಾನು ಎನ್‌ಕೋಡ್ ಆದ ಮೇಲಿನ ಉದ್ದವನ್ನು 2000ದ ಒಳಗೇ ಇಡುತ್ತೇನೆ. ಅರ್ಜಿ ನಮೂನೆ ಪೂರ್ತಿ ಒಡಲಿನಲ್ಲಿ ತುಂಬುವ ಆಸೆ ಇದ್ದರೆ ಬಿಡಿ, ಅದಕ್ಕೆ ಫಾರ್ಮ್ ಮಾಡಿ.

ಲಿಂಕ್ ತಯಾರಾದ ಮೇಲೆ ಎಚ್‌ಟಿಎಂಎಲ್ ಪುಟದಲ್ಲಿ ಇಡಬೇಕಲ್ಲ, ಅಲ್ಲಿ ಇನ್ನೊಂದು ಸುತ್ತು ಕಾಗದ ಇದೆ. ಜೋಡಿಗಳ ನಡುವಿನ & ಚಿಹ್ನೆಯನ್ನು ಎಚ್‌ಟಿಎಂಎಲ್ ಒಳಗೆ '&ಆಂಪ್;' ಅಂತ ಬರೆಯಬೇಕು. ಪೈಥಾನ್‌ನಲ್ಲಿ ಎಚ್‌ಟಿಎಂಎಲ್.ಎಸ್ಕೇಪ್ ಇದನ್ನು ಮಾಡುತ್ತದೆ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋದ ಟೆಂಪ್ಲೇಟ್‌ನಲ್ಲಿ ತಾನಾಗಿಯೇ ಆಗುತ್ತದೆ, ಅಲ್ಲಿ ಮತ್ತೆ ಮಾಡಬೇಡಿ. ಮೊದಲು % ಎನ್‌ಕೋಡಿಂಗ್, ಕೊನೆಗೆ ಎಚ್‌ಟಿಎಂಎಲ್. ಇದೇ ಕ್ರಮ.

ಈಗ ಬಿಚ್ಚೋದು. ಯಾವಾಗ ಬೇಕಾಗುತ್ತದೆ? ಹಳೆಯ ಪುಟಗಳಿಂದ ಸಂಪರ್ಕ ವಿಳಾಸಗಳನ್ನು ಹೊಸ ಡೇಟಾಬೇಸ್‌ಗೆ ಸಾಗಿಸುವಾಗ, ಇಲ್ಲಾ ನಿಮ್ಮದೇ ಆ್ಯಪ್‌ನಲ್ಲಿ ಯಾರಾದರೂ ಮೇಲ್‌ಟು ಲಿಂಕ್ ಒತ್ತಿದಾಗ ನಿಮ್ಮದೇ ಪತ್ರದ ಪರದೆ ತೆರೆಯಬೇಕಾದಾಗ.

ಪುಟದಿಂದ ತೆಗೆಯುವಾಗ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಹಾಕಿ ಕೀಳಬೇಡಿ. ಹಾಗೆ ಕಿತ್ತರೆ '&ಆಂಪ್;' ಹಾಗೇ ಉಳಿದು, ನಿಮಗೆ 'ಸಬ್ಜೆಕ್ಟ್' ಬದಲು 'ಆಂಪ್;ಸಬ್ಜೆಕ್ಟ್' ಅನ್ನೋ ವಿಚಿತ್ರ ಹೆಸರಿನ ಫೀಲ್ಡ್ ಸಿಗುತ್ತದೆ. ಪೈಥಾನ್ ಜೊತೆಗೇ ಬರುವ ಎಚ್‌ಟಿಎಂಎಲ್ ಪಾರ್ಸರ್ ಇಂಥದ್ದನ್ನು ಬಿಡಿಸಿ ಕೊಡುತ್ತದೆ. ಹೊರಗಿನ ಚೀಲ ಮೊದಲು ತೆಗೆಯೋದು ಅಂದರೆ ಇದೇ.

ಲಿಂಕ್ ಕೈಗೆ ಬಂದ ಮೇಲೆ 'ಯುಆರ್‌ಎಲ್‌ಸ್ಪ್ಲಿಟ್'ಗೆ ಕೊಡಿ. 'ಸ್ಕೀಮ್' ಭಾಗದಲ್ಲಿ ಮೇಲ್‌ಟು ಬರುತ್ತದೆ. ಮೂಲದಲ್ಲಿ ದೊಡ್ಡಕ್ಷರದಲ್ಲಿ ಇದ್ದರೂ ಅದೇ ಚಿಕ್ಕಕ್ಷರ ಮಾಡಿಕೊಡುತ್ತದೆ. 'ಪಾತ್' ಭಾಗದಲ್ಲಿ ವಿಳಾಸಗಳು, 'ಕ್ವೆರಿ' ಭಾಗದಲ್ಲಿ ಜೋಡಿಗಳು. ಇಲ್ಲಿಂದ ಮುಂದೆ ಕೈಯಾರೆ ಬರೆಯಿರಿ. ಸಿದ್ಧವಾಗಿರುವ 'ಪಾರ್ಸ್_ಕ್ಯೂಎಸ್' ಎರಡು ತಪ್ಪು ಮಾಡುತ್ತದೆ. ಅದೂ ಫಾರ್ಮ್‌ಗಳ ಮನೆಯದೇ, ಹಾಗಾಗಿ + ಕಂಡಲ್ಲೆಲ್ಲ ಖಾಲಿ ಜಾಗ ಮಾಡುತ್ತದೆ. 'ಓದುಗ+ಪುಸ್ತಕ@ಎಕ್ಸಾಂಪಲ್.ಕಾಮ್' ಅಂತ ಸಿಸಿಯಲ್ಲಿ ಇದ್ದರೆ ನಡುವೆ ಖಾಲಿ ಜಾಗ ಬಂದು ವಿಳಾಸ ಕೆಡುತ್ತದೆ. ಎರಡನೆಯದು, ಬೆಲೆ ಖಾಲಿ ಇದ್ದ ಫೀಲ್ಡನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ.

ಬದಲಿಗೆ ಕ್ವೆರಿಯನ್ನು & ಇರುವ ಕಡೆ ಸ್ಪ್ಲಿಟ್ ಮಾಡಿ. ಒಂದೊಂದು ತುಂಡಿಗೂ ಪಾರ್ಟಿಷನ್('='). ಇಲ್ಲಿ ಸ್ಪ್ಲಿಟ್ ಬೇಡ, ಯಾಕಂದರೆ ಒಡಲಿನಲ್ಲಿ ಯಾರಾದರೂ ಎನ್‌ಕೋಡ್ ಮಾಡದೆ ಇನ್ನೊಂದು ವೆಬ್ ಲಿಂಕ್ ಸೇರಿಸಿದ್ದರೆ ಅದರೊಳಗೂ = ಇರುತ್ತದೆ, ನಮಗೆ ಬೇಕಾದ್ದು ಮೊದಲನೆಯದು ಮಾತ್ರ. ಹೆಸರನ್ನು 'ಅನ್‌ಕೋಟ್' ಮಾಡಿ ಚಿಕ್ಕಕ್ಷರ ಮಾಡಿ, ಹೆಡರ್ ಹೆಸರುಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದ ಇಲ್ಲ. ಬೆಲೆಯನ್ನೂ 'ಅನ್‌ಕೋಟ್' ಮಾಡಿ. 'ಅನ್‌ಕೋಟ್_ಪ್ಲಸ್' ಅಲ್ಲ!

ವಿಳಾಸಗಳ ಪಟ್ಟಿಗೂ ಇದೇ ಕ್ರಮ. ಮೊದಲು ಕಾಮಾ ಇರುವ ಕಡೆ ತುಂಡು ಮಾಡಿ, ಆಮೇಲೆ ತುಂಡು ತುಂಡನ್ನೂ ಡೀಕೋಡ್ ಮಾಡಿ. ವಿಳಾಸದ ಒಳಗೇ ಕಾಮಾ ಇದ್ದರೆ ಅದು %2ಸಿ ಆಗಿ ಬಂದಿರುತ್ತದೆ, ಮೊದಲೇ ಡೀಕೋಡ್ ಮಾಡಿದರೆ ಒಂದು ವಿಳಾಸ ಎರಡಾಗಿ ಸೀಳಿಹೋಗುತ್ತದೆ. ಇಲ್ಲಿ ಒಂದು ತೊಡಕು ಇದೆ. 1998ರ ನಿಯಮದ ಪ್ರಕಾರ ಬರೆದ ಹಳೆಯ ಲಿಂಕ್‌ಗಳಲ್ಲಿ ವಿಳಾಸಗಳ ನಡುವಿನ ಕಾಮಾವೇ %2ಸಿ ಆಗಿರಬಹುದು. ಹಾಗಾಗಿ ಡೀಕೋಡ್ ಆದ ಮೇಲೂ ಒಂದು ತುಂಡಿನಲ್ಲಿ ಕಾಮಾ ಉಳಿದಿದ್ದರೆ ಅದನ್ನು ಇಮೇಲ್.ಯುಟಿಲ್ಸ್ ಒಳಗಿನ 'ಗೆಟ್‌ಅಡ್ರೆಸಸ್'ಗೆ ಕೊಡಿ. ಉದ್ಧರಣ ಚಿಹ್ನೆಯೊಳಗಿನ ಕಾಮಾ ಯಾವುದು, ಎರಡು ವಿಳಾಸಗಳ ನಡುವಿನ ಕಾಮಾ ಯಾವುದು ಅಂತ ಅದಕ್ಕೆ ಗೊತ್ತಾಗುತ್ತದೆ. ಹಳೆಯ ಪುಟಗಳನ್ನು ಸಾಗಿಸುವವರಿಗೆ ಇದು ಬೇಕೇ ಬೇಕು.

ಕನ್ನಡದ ಪುಟಗಳಲ್ಲಿ ಮಾತ್ರ ನನ್ನನ್ನು ತುಂಬ ಕಾಡಿದ್ದು ಇನ್ನೊಂದು. ವಿಳಾಸ ನೋಡಲು ಸರಿಯಾಗೇ ಇದೆ, ಅಕ್ಷರ ಅಕ್ಷರ ಹೋಲಿಸಿದರೂ ಸರಿ, ಆದರೆ ಮೇಲ್ ಮಾತ್ರ ಹೋಗುತ್ತಿಲ್ಲ. ಕೊನೆಗೆ ಬೈಟ್‌ಗಳನ್ನು ತೆಗೆದು ನೋಡಿದರೆ ವಿಳಾಸದ ತುದಿಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್. ಅದು ಜೋಡುಮುರಿ, ಅಂದರೆ ಜೀರೋ ವಿಡ್ತ್ ನಾನ್ ಜಾಯಿನರ್. ನಾವು 'ಕಾಮ್‌ಗೆ', 'ಲಿಂಕ್‌ನಲ್ಲಿ' ಅಂತ ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ಹಾಕುತ್ತೇವಲ್ಲ, ಅದೇ. ಯಾರೋ ವಿಳಾಸದ ಮುಂದೆ 'ಗೆ' ಅಂತ ವಿಭಕ್ತಿ ಸೇರಿಸಿ ಬರೆದಿದ್ದಾರೆ, ಇನ್ಯಾರೋ ಅಲ್ಲಿಂದ ಕಾಪಿ ಮಾಡುವಾಗ 'ಗೆ' ಬಿಟ್ಟು ಅದೃಶ್ಯ ಅಕ್ಷರವನ್ನು ಮಾತ್ರ ಜೊತೆಗೆ ತಂದಿದ್ದಾರೆ. ಪೈಥಾನ್‌ನ 'ಸ್ಟ್ರಿಪ್' ಇದನ್ನು ತೆಗೆಯೋದಿಲ್ಲ, ಅದರ ಲೆಕ್ಕದಲ್ಲಿ ಇದು ಖಾಲಿ ಜಾಗ ಅಲ್ಲ. ಹಾಗಾಗಿ ವಿಳಾಸದ ಎರಡೂ ತುದಿಯಿಂದ ಜೋಡುಮುರಿ, ಜೀರೋ ವಿಡ್ತ್ ಜಾಯಿನರ್, ಜೀರೋ ವಿಡ್ತ್ ಸ್ಪೇಸ್ ಮೂರನ್ನೂ ನೀವೇ ತೆಗೆಯಿರಿ. ವಿಷಯ ಮತ್ತು ಒಡಲಿನಿಂದ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಅಲ್ಲಿ ತೆಗೆದರೆ ಕನ್ನಡದ ಕಾಗುಣಿತವೇ ಕೆಡುತ್ತದೆ. ತುದಿಯಲ್ಲಿ ಮಾತ್ರ ತೆಗೆಯಿರಿ ಅಂದೆ, ನಡುವೆ ಅಲ್ಲ, ಯಾಕಂದರೆ '.ಭಾರತ' ಅಂತ ಕನ್ನಡ ಲಿಪಿಯಲ್ಲೇ ಡೊಮೈನ್ ಇರುವ ಕಾಲ ಇದು, ಕನ್ನಡದ ವಿಳಾಸದ ನಡುವೆ ಅದಕ್ಕೆ ಕೆಲಸ ಇರಬಹುದು.

ವಿಳಾಸ ಸರಿ ಇದೆಯೋ ಇಲ್ಲವೋ ನೋಡಲಿಕ್ಕೆ ಮಾರುದ್ದದ ರೆಗ್ಯುಲರ್ ಎಕ್ಸ್‌ಪ್ರೆಶನ್ ಹುಡುಕಿಕೊಂಡು ಹೋಗಬೇಡಿ. @ ಇದೆಯಾ, ಎರಡೂ ಕಡೆ ಏನಾದರೂ ಇದೆಯಾ, ಎಡಭಾಗ 64 ಬೈಟ್ ಮೀರಿಲ್ಲ ತಾನೆ? ಇಷ್ಟು ಸಾಕು. ಉಳಿದದ್ದು ಮೇಲ್ ಕಳಿಸಿ ನೋಡಿದರೇ ಗೊತ್ತಾಗೋದು.

ಇನ್ನು ಭದ್ರತೆ. ಬಿಚ್ಚಿದ ಲಿಂಕ್‌ನಿಂದ ಪತ್ರ ತಯಾರು ಮಾಡುವವರು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಲಿಂಕ್ ಬರೆದವರು ಯಾರೋ, ಪತ್ರ ಹೋಗೋದು ನಿಮ್ಮ ಬಳಕೆದಾರರ ಹೆಸರಿನಲ್ಲಿ. ಹಾಗಾಗಿ ಸಿಕ್ಕ ಫೀಲ್ಡನ್ನೆಲ್ಲ ಒಪ್ಪಿಕೊಳ್ಳಬೇಡಿ. ವಿಷಯ, ಒಡಲು, ಟು, ಸಿಸಿ ಇಷ್ಟಕ್ಕೆ ಬಾಗಿಲು ತೆರೆಯಿರಿ, ಉಳಿದದ್ದನ್ನು ಕೈಬಿಡಿ. ಬಿಸಿಸಿಯನ್ನು ನಾನು ಒಪ್ಪೋದಿಲ್ಲ, ಪತ್ರ ಇನ್ಯಾರಿಗೆ ಹೋಗುತ್ತಿದೆ ಅಂತ ಕಳಿಸುವವರ ಕಣ್ಣಿಗೆ ಬೀಳದೇ ಹೋಗಬಹುದು. 'ಅಟ್ಯಾಚ್' ಅನ್ನೋ ಫೀಲ್ಡಂತೂ ಬೇಡವೇ ಬೇಡ. ನಿಯಮದಲ್ಲಿ ಅದು ಇಲ್ಲ, ಆದರೂ ಕೆಲವು ಮೇಲ್ ಆ್ಯಪ್‌ಗಳು ಅದನ್ನು ಒಪ್ಪುತ್ತಿದ್ದವು. ಲಿಂಕ್ ಒತ್ತಿದವರ ಕಂಪ್ಯೂಟರ್‌ನಿಂದಲೇ ಫೈಲ್ ಎತ್ತಿ ಪತ್ರಕ್ಕೆ ಅಂಟಿಸಲು ಸಾಧ್ಯ ಅಂತ 2020ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು.

ವಿಷಯದಲ್ಲಿ %0ಡಿ%0ಎ ಬಂದರೆ ಡೀಕೋಡ್ ಆದಾಗ ಅದು ನಿಜವಾದ ಸಾಲು ಮುರಿತ ಆಗುತ್ತದೆ. ಅದನ್ನು ಹಾಗೇ ಹೆಡರ್‌ಗೆ ಹಾಕಿದರೆ ಮುಂದಿನ ಸಾಲು ಬೇರೆಯದೇ ಹೆಡರ್ ಆಗಿಬಿಡಬಹುದು. ಪೈಥಾನ್‌ನ 'ಇಮೇಲ್ ಮೆಸೇಜ್' ಕ್ಲಾಸ್ ಇಂಥ ಬೆಲೆಗೆ ವ್ಯಾಲ್ಯೂ ಎರರ್ ಎಸೆಯುತ್ತದೆ, ಒಳ್ಳೆಯದೇ. ಆದರೂ ಡೀಕೋಡ್ ಆದ ಕೂಡಲೇ ನೀವೇ ಪರೀಕ್ಷೆ ಮಾಡಿ ಆ ಲಿಂಕನ್ನು ತಿರಸ್ಕರಿಸಿ. ಮತ್ತೆ, ಪತ್ರವನ್ನು ತಾನಾಗಿ ಕಳಿಸೋದು ಯಾವತ್ತೂ ಬೇಡ. ಪರದೆ ತೆರೆಯಿರಿ, ಬಳಕೆದಾರರು ಓದಲಿ, ಕಳಿಸುವ ಬಟನ್ ಅವರೇ ಒತ್ತಲಿ.

ಪರೀಕ್ಷೆಗೆ ನಾನು ಇಟ್ಟುಕೊಂಡಿರೋದು ಒಂದೇ ಕ್ರಮ. ಕಟ್ಟಿದ್ದನ್ನು ಬಿಚ್ಚಿದರೆ ಮೊದಲು ಕೊಟ್ಟಿದ್ದೇ ಅಕ್ಷರ ಬಿಡದೆ ವಾಪಸ್ ಬರಬೇಕು. ವಿಷಯಕ್ಕೆ 'ನವೀಕರಣ & ರಸೀದಿ #118', ಇನ್ನೊಂದಕ್ಕೆ '100% ರಿಯಾಯಿತಿ?', ಇನ್ನೊಂದಕ್ಕೆ '2+2=4'. ಒಡಲಿಗೆ ಕನ್ನಡದ ಮೂರು ಸಾಲು, ಅದರಲ್ಲಿ ಒಂದಾದರೂ ಜೋಡುಮುರಿ, ಸಾಲುಗಳ ನಡುವೆ ಕ್ಯಾರಿಯೇಜ್ ರಿಟರ್ನ್, ಲೈನ್ ಫೀಡ್ ಎರಡರ ಜೋಡಿ. ವಿಳಾಸಕ್ಕೆ ಒಂದು + ಇರುವಂಥದ್ದು. ಅದಾದ ಮೇಲೆ ನಿಜವಾದ ಫೋನ್‌ನಲ್ಲಿ ಒಮ್ಮೆ ಒತ್ತಿ ನೋಡಿ, ಆಂಡ್ರಾಯ್ಡ್ ಒಂದು, ಐಫೋನ್ ಒಂದು, ಆಮೇಲೆ ಔಟ್‌ಲುಕ್ ಇರುವ ಯಾರದಾದರೂ ಕಂಪ್ಯೂಟರ್. ಗ್ರಂಥಾಲಯದ ಲಿಂಕನ್ನು ಸರಿ ಮಾಡಿದ ದಿನ ಆ ಮೇಡಂ ಅವರ ಫೋನ್‌ನಲ್ಲೇ ಒತ್ತಿಸಿದೆ. ವಿಷಯದ ಜಾಗದಲ್ಲಿ &, #, 118 ಎಲ್ಲ ಇದ್ದ ಹಾಗೇ ಬಂದು ಕೂತಿತ್ತು.